ನೃತ್ಯಗಾರರ ಪ್ರೇಮಕಥೆಗಳಲ್ಲಿ ಕುಣಿತ ಎಲ್ಲಿ ಹೋಯ್ತು? (ಗೇ ಪ್ರೇಮಕಥೆಗಳೂ ಸೇರಿ)

ಅರ್ಧಚಂದ್ರ

ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ಪ್ರೇಮಕಥೆ ಓದುವವರು ಜಾಸ್ತಿ ಇದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನೃತ್ಯಗಾರರ ಕಥೆ ಅಂದರೆ ನಾನು ಬಿಡುವವಳಲ್ಲ. ಆ್ಯಪ್‌ನಲ್ಲಿ ಕಂತು ಕಂತಾಗಿ ಬರುವುದಾಗಲಿ, ಗ್ರಂಥಾಲಯದ ರಟ್ಟು ಹರಿದ ಕಾದಂಬರಿಯಾಗಲಿ, ಸಿಕ್ಕಿದ್ದೆಲ್ಲ ಓದುತ್ತೇನೆ. ಮುಗಿಸಿದ ಮೇಲೆ ಒಂದೇ ಸಿಟ್ಟು. ನಾಯಕಿ ಭರತನಾಟ್ಯ ಕಲಾವಿದೆ ಅಂತ ಮೊದಲ ಪುಟದಲ್ಲೇ ಹೇಳಿರುತ್ತಾರೆ. ಆಮೇಲೆ ಅವಳನ್ನು ಬ್ಯಾಂಕ್ ಕ್ಲರ್ಕ್ ಮಾಡಿದರೂ ಕಥೆಯಲ್ಲಿ ಒಂದು ಸಾಲು ಬದಲಾಗುವುದಿಲ್ಲ. ಗೆಜ್ಜೆ ಸದ್ದು ಕೇಳಿ ನಾಯಕ ಮನಸೋಲುತ್ತಾನೆ. ಮದುವೆ ಆಗುತ್ತದೆ. ಅತ್ತೆ ಕುಣಿಯಬೇಡ ಅನ್ನುತ್ತಾಳೆ. ಕೊನೆಯ ಅಧ್ಯಾಯದಲ್ಲಿ ಅದೇ ಅತ್ತೆ ಗೆಜ್ಜೆ ತಂದು ಕೈಗಿಡುತ್ತಾಳೆ. ಮುಗೀತು. ಅವಳು ದಿನಾ ಏನು ಅಭ್ಯಾಸ ಮಾಡುತ್ತಾಳೆ, ಮಂಡಿ ಯಾವಾಗ ನೋಯುತ್ತದೆ, ಯಾರ ಕುಣಿತ ನೋಡಿ ಹೊಟ್ಟೆ ಉರಿಯುತ್ತದೆ, ಏನೂ ಇಲ್ಲ.

ನಾನೀಗ ಒಂದು ಕಥೆ ಬರೆಯುತ್ತಿದ್ದೇನೆ. ಇಬ್ಬರು ಗಂಡಸರ ಪ್ರೇಮಕಥೆ. ಇಬ್ಬರೂ ಬಡಗುತಿಟ್ಟು (ಬಡಗಿನ, ಅಂದರೆ ಉತ್ತರದ ಶೈಲಿಯ) ಯಕ್ಷಗಾನ ಮೇಳದವರು. ಒಬ್ಬನದು ಸುಧನ್ವನ ವೇಷ, ಇನ್ನೊಬ್ಬನದು ಪ್ರಭಾವತಿ. ಪ್ರಸಂಗ ಗೊತ್ತಿಲ್ಲದವರಿಗೆ: ಹಂಸಧ್ವಜನ ಮಗ ಸುಧನ್ವ ಯುದ್ಧಕ್ಕೆ ಹೊರಟಿದ್ದಾನೆ. ತಡವಾಗಿ ಬಂದವರನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕುತ್ತೇನೆ ಅಂತ ಅಪ್ಪ ಡಂಗುರ ಹೊಡೆಸಿದ್ದಾನೆ. ಹೆಂಡತಿ ಪ್ರಭಾವತಿ ತಡೆಯುತ್ತಾಳೆ. ನನಗೊಂದು ಮಗು ಕೊಟ್ಟು ಹೋಗು ಅನ್ನುತ್ತಾಳೆ. ಅವನು ನಿಲ್ಲುತ್ತಾನೆ, ತಡವಾಗುತ್ತದೆ. ಲಕ್ಷ್ಮೀಶನ ಜೈಮಿನಿ ಭಾರತ ಓದಿದವರಿಗೆ ಗೊತ್ತಿರುತ್ತದೆ.

ಈ ಸರಸ, ಈ ತಡೆ, ಈ ಕಣ್ಣೀರು, ಎಲ್ಲವನ್ನೂ ಇಬ್ಬರು ಗಂಡಸರು ಊರಿಗೆ ಊರೇ ಕೂತಿರುವಾಗ ಆಡುತ್ತಾರೆ. ಜನ ಕಣ್ಣು ಮಿಟುಕಿಸದೆ ನೋಡುತ್ತಾರೆ. ಬೆಳಿಗ್ಗೆ ಬಣ್ಣ ತೆಗೆದ ಮೇಲೆ ಅದರ ಕಾಲು ಭಾಗ ಒಬ್ಬರಿಗೊಬ್ಬರು ಹೇಳಿಕೊಂಡರೂ ಮೇಳದಲ್ಲಿ ಜಾಗ ಉಳಿಯುತ್ತದಾ? ನನ್ನ ಕಥೆ ಅಷ್ಟೇ. ಆದರೆ ಕುಣಿತವೇ ಕಥೆಯನ್ನು ನಡೆಸಬೇಕು. ಅಲಂಕಾರಕ್ಕೆ ಬೇಡ. ನಿಮಗೆ ಹಾಗೆ ಅನ್ನಿಸಿದ ಕಥೆ ಯಾವುದು? ಎಲ್ಲಿ ಎಡವುತ್ತಾರೆ?

ಹಳೇಪುಸ್ತಕ

ಕನ್ನಡದಲ್ಲಿ ನೃತ್ಯಗಾತಿ ಅಂದ ಕೂಡಲೇ ಶಾಂತಲೆ. ಕೆ.ವಿ. ಅಯ್ಯರ್ ಬರೆದ 'ಶಾಂತಲಾ' ನಮ್ಮ ಮನೆಯಲ್ಲಿ ಅಮ್ಮ, ಅತ್ತೆ, ಚಿಕ್ಕಮ್ಮ ಎಲ್ಲರ ಕೈ ದಾಟಿ ಬಂದ ಪುಸ್ತಕ. (ಅಯ್ಯರ್ ಬೆಂಗಳೂರಿನಲ್ಲಿ ಗರಡಿ ನಡೆಸುತ್ತಿದ್ದ ವ್ಯಾಯಾಮ ಗುರು. ದೇಹ ಪಳಗಿಸುವವರು ನರ್ತಕಿಯ ಕಥೆ ಬರೆದದ್ದು ನನಗೆ ಸರಿಯಾಗೇ ಕಾಣುತ್ತದೆ.) ಸಿ.ಕೆ. ನಾಗರಾಜರಾವ್ ಅವರ 'ಪಟ್ಟಮಹಾದೇವಿ ಶಾಂತಲದೇವಿ' ಇನ್ನೂ ದೊಡ್ಡದು, ಮೂರ್ತಿದೇವಿ ಪ್ರಶಸ್ತಿ ಬಂತು.

ಆ ಕಡೆ ರಾಣಿ. ಈ ಕಡೆ ಕಾರಂತರ 'ಮೈ ಮನಗಳ ಸುಳಿಯಲ್ಲಿ' ಕಾದಂಬರಿಯ ಮಂಜುಳೆ, ವೇಶ್ಯೆ. ಕನ್ನಡದ ನರ್ತಕಿ ಒಂದೋ ಅರಮನೆಯಲ್ಲಿ, ಇಲ್ಲವೇ ಸೂಳೆಗೇರಿಯಲ್ಲಿ. ಬಾಡಿಗೆ ಕಟ್ಟುವ, ಸಂಜೆ ಮಕ್ಕಳಿಗೆ ಪಾಠ ಹೇಳುವ, ಶನಿವಾರ ಕಾರ್ಯಕ್ರಮಕ್ಕೆ ಸೀರೆ ಇಸ್ತ್ರಿ ಮಾಡುವ ನರ್ತಕಿ ನನಗೆ ಅಷ್ಟಾಗಿ ಸಿಕ್ಕಿಲ್ಲ. ಕುಣಿಯುವ ಗಂಡಸಂತೂ ಕಥೆಯಲ್ಲಿ ಗುರುವಾಗಿ ಮಾತ್ರ ಬರುತ್ತಾನೆ, ಜುಟ್ಟು ಬಿಟ್ಟುಕೊಂಡು.

ನಿಮ್ಮ ಕಥೆ ಬರಲಿ. ಓದುತ್ತೇನೆ.

ತೈಯತೈ_ಟೀಚರ್

ಅರ್ಧಚಂದ್ರ ಅವರೇ, ಆ ಬ್ಯಾಂಕ್ ಕ್ಲರ್ಕ್ ಮಾತು ಓದಿ ಜೋರಾಗಿ ನಕ್ಕೆ. ನಾನು ಮೈಸೂರಿನಲ್ಲಿ ಭರತನಾಟ್ಯ ಪಾಠ ಮಾಡುತ್ತೇನೆ. ಕಥೆಗಾರರಿಗೆ ನನ್ನ ದೂರು ಬೇರೆ. ಅವರು ಬರೀ ರಂಗಪ್ರವೇಶದ ರಾತ್ರಿ ಬರೆಯುತ್ತಾರೆ. ನಮ್ಮ ಬದುಕು ನಡೆಯುವುದು ಬೆಳಗಿನ ಅಭ್ಯಾಸದಲ್ಲಿ. ಮಣೆಯ ಮೇಲೆ ಕೋಲು ತಟ್ಟುತ್ತಾ ಅದೇ ನಾಟಡವು ಅನ್ನುವ ಹೆಜ್ಜೆ, ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ. ಮೂರನೇ ಕಾಲಕ್ಕೆ ಬಂದಾಗ ಯಾರ ಅರೆಮಂಡಿ (ಮಂಡಿ ಬಗ್ಗಿಸಿ ಅರ್ಧ ಕೂತ ನಿಲುವು) ಮೇಲೇಳುತ್ತದೆ ಅಂತ ಗೊತ್ತಾಗುತ್ತದೆ. ಪಕ್ಕದಲ್ಲಿ ನಿಂತವನು ಬೆವರುತ್ತಾ ನಿಮಗಿಂತ ಎರಡು ಅಂಗುಲ ಕೆಳಗೆ ಕೂತಿದ್ದಾನೆ ಅಂದರೆ, ಅವನ ಮೇಲೆ ಸಿಟ್ಟೂ ಬರುತ್ತದೆ, ಅವನನ್ನು ನೋಡುತ್ತಲೇ ಇರಬೇಕು ಅಂತಲೂ ಅನಿಸುತ್ತದೆ. ಪ್ರೀತಿ ಅಲ್ಲಿಂದ ಶುರುವಾಗಲಿ ಮಾರಾಯರೇ. ಮಳೆಯಲ್ಲಿ ಕೊಡೆ ಹಿಡಿಯುವುದು ಸಾಕು.

ಇನ್ನೊಂದು. ಭರತನಾಟ್ಯದಲ್ಲಿ ಪ್ರೇಮಿ ವೇದಿಕೆ ಮೇಲೆ ಇರುವುದೇ ಇಲ್ಲ. ಪದ, ಜಾವಳಿ, ವರ್ಣ ಯಾವುದೇ ಇರಲಿ, ನಾಯಕಿ ಒಬ್ಬಳೇ. ಎದುರಿಗೆ ಖಾಲಿ ಜಾಗ. ಸಖಿ ಹತ್ತಿರ ದೂರುತ್ತಾಳೆ, ಬಾರದವನಿಗೆ ಹಾಸಿಗೆ ಹಾಸುತ್ತಾಳೆ. ಈ ನಾಯಕಿಯನ್ನು ಗಂಡು ನರ್ತಕ ಆಡುವುದು ನಮ್ಮಲ್ಲಿ ಮಾಮೂಲು. ಅವನು 'ಸ್ವಾಮಿ ಬರಲಿಲ್ಲ' ಅಂತ ಅಭಿನಯಿಸಿದರೆ ಸಭಿಕರು ಭಕ್ತಿ ಅನ್ನುತ್ತಾರೆ. ಶರಣ ಸತಿ ಲಿಂಗ ಪತಿ ಅಂದವರ ನಾಡು ಇದು, ನಮಗೇನೂ ವಿಚಿತ್ರ ಅನ್ನಿಸುವುದಿಲ್ಲ. ಆದರೆ ಕಥೆಗಾರ ಒಂದು ಪ್ರಶ್ನೆ ಕೇಳಬಹುದು. ಆ ಖಾಲಿ ಜಾಗದಲ್ಲಿ ಇವನು ಯಾರನ್ನು ನಿಲ್ಲಿಸಿಕೊಂಡಿದ್ದಾನೆ? ಗುರುವಿಗೆ ಅದು ಗೊತ್ತಾಗುತ್ತದಾ? ನೋಟ ಯಾವ ಎತ್ತರಕ್ಕೆ ನಿಂತಿದೆ ಅಂತ ನೋಡಿದರೆ ಸಾಕು, ನನಗೆ ಗೊತ್ತಾಗಿಬಿಡುತ್ತದೆ. ಕಾಲ್ಪನಿಕ ಕೃಷ್ಣನಿಗೆ ಎಲ್ಲ ಹುಡುಗರೂ ಒಂದು ಅಳತೆಯ ಎತ್ತರ ಇಟ್ಟಿರುತ್ತಾರೆ. ಒಂದು ದಿನ ಆ ಎತ್ತರ ಬದಲಾಗುತ್ತದೆ.

ಚೌಕಿಯಿಂದ

ನಾನು ಕುಂದಾಪುರ ಕಡೆಯವ. ಹವ್ಯಾಸಿ ವೇಷಧಾರಿ. ಅರ್ಧಚಂದ್ರ ಅವರ ಕಥೆ ಕೇಳಿ ಖುಷಿಯೂ ಆಯ್ತು, ಎದೆ ಸ್ವಲ್ಪ ಧಸಕ್ ಅಂತಲೂ ಅಂದಿತು. ಎರಡು ಮಾತು ಹೇಳಿಬಿಡುತ್ತೇನೆ.

ಮೊದಲನೆಯದು ಬೇಡಿಕೆ. ದಯವಿಟ್ಟು ಸ್ತ್ರೀವೇಷ ಮಾಡುವವನೇ ಗೇ, ಪುರುಷವೇಷದವನು ಅವನ ಬಲೆಗೆ ಬಿದ್ದ ಅಂತ ಬರೆಯಬೇಡಿ. ಸ್ತ್ರೀವೇಷ ಮಾಡುವವರು ಇದನ್ನು ಕೇಳಿ ಕೇಳಿ ಸಾಕಾಗಿದ್ದಾರೆ. ಆಟ ಮುಗಿಸಿ ಚೌಕಿಗೆ (ಬಣ್ಣ ಹಚ್ಚುವ ಜಾಗಕ್ಕೆ) ಬಂದರೆ ಕುಡಿದವರು ಬಂದು ಕೆನ್ನೆ ಮುಟ್ಟುತ್ತಾರೆ. ಮೊಬೈಲ್ ನಂಬರ್ ಕೇಳುತ್ತಾರೆ. ನಮ್ಮೂರಿನಲ್ಲೇ ಒಬ್ಬ ಹುಡುಗ, ಕುತ್ತಿಗೆಯ ಒಂದು ಬಾಗು ನೋಡಿದರೆ ಸಾಕು, ಇವನು ಕಲಾವಿದ ಅಂತ ಗೊತ್ತಾಗುತ್ತಿತ್ತು. ಜನ ಆಡಿಕೊಳ್ಳುತ್ತಾರೆ ಅಂತ ಅಪ್ಪ ಬಿಡಿಸಿದ. ಸ್ತ್ರೀವೇಷ ಒಂದು ವಿದ್ಯೆ. ಮಂಟಪ ಪ್ರಭಾಕರ ಉಪಾಧ್ಯರು 'ಭಾಮಿನಿ'ಯಲ್ಲಿ ಒಬ್ಬರೇ ನಿಂತು ಅಷ್ಟನಾಯಿಕೆಯರನ್ನು, ಅಂದರೆ ಪ್ರೇಮದ ಎಂಟು ಸ್ಥಿತಿಯ ನಾಯಕಿಯರನ್ನು ತೋರಿಸುತ್ತಾರೆ. ಅದು ಓದು, ಸಾಧನೆ. ವೇಷಕ್ಕೂ ಯಾರು ಯಾರನ್ನು ಪ್ರೀತಿಸುತ್ತಾರೆ ಅನ್ನುವುದಕ್ಕೂ ಗಂಟು ಹಾಕಬೇಡಿ.

ಎರಡನೆಯದು ನಿಮಗೆ ಉಪಯೋಗ ಆಗಬಹುದು. ಯಕ್ಷಗಾನದಲ್ಲಿ ಪದ್ಯ ಮಾತ್ರ ಬರೆದಿಟ್ಟದ್ದು. ಮಾತು ಬರೆದಿರುವುದಿಲ್ಲ. ಭಾಗವತರು, ಅಂದರೆ ಹಾಡಿ ಆಟ ನಡೆಸುವವರು, ಪದ್ಯ ಹೇಳುತ್ತಾರೆ, ವೇಷ ಕುಣಿಯುತ್ತದೆ, ಆಮೇಲೆ ಅರ್ಥ ಆಯಾ ಕಲಾವಿದ ಅಲ್ಲೇ ಹುಟ್ಟಿಸಿ ಹೇಳಬೇಕು. ಎದುರಿನವನು ಅಲ್ಲೇ ಉತ್ತರ ಕೊಡಬೇಕು. ಅಂದರೆ ಪ್ರಭಾವತಿ ಸುಧನ್ವನಿಗೆ ಇವತ್ತು ಏನು ಹೇಳುತ್ತಾಳೆ ಅಂತ ಸುಧನ್ವನಿಗೇ ಗೊತ್ತಿರುವುದಿಲ್ಲ. ನಿಮ್ಮ ಇಬ್ಬರು ಹುಡುಗರಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ಇಡೀ ಊರು ಕೂತು ಕೇಳುತ್ತಿರುವಾಗ ಒಬ್ಬನು ಇನ್ನೊಬ್ಬನಿಗೆ ಮನಸ್ಸಿನದ್ದು ಹೇಳಿಬಿಡಬಹುದು. ಯಾರಿಗೂ ತಿಳಿಯುವುದಿಲ್ಲ. ಭಾಗವತರಿಗೆ ಬಿಟ್ಟು.

ಸುಮ್ನೆ_ಓದ್ತೀನಿ

ಅಬ್ಬಾ. ಆ ಕೊನೆಯ ಸಾಲು.

ರಾತ್ರಿಬಸ್ಸು

ನಾನು ಗೇ. ಹುಬ್ಬಳ್ಳಿ ಊರು, ಕೆಲಸ ಬೆಂಗಳೂರಿನಲ್ಲಿ. ಈ ತರದ ಕಥೆ ಹುಡುಕಿ ಓದುವವನು. ನನ್ನದು ಒಂದೇ ಬೇಡಿಕೆ: ಕೊಲ್ಲಬೇಡಿ. ನೃತ್ಯಗಾರ ಗೇ ಆದರೆ ಕಥೆಗಾರರಿಗೆ ಎರಡೆರಡು ನೆಪ ಸಿಕ್ಕಿಬಿಡುತ್ತದೆ. ಕಾಲು ಮುರಿಯುತ್ತಾರೆ, ಇಲ್ಲ ಆತ್ಮಹತ್ಯೆ ಮಾಡಿಸುತ್ತಾರೆ. ಕೊನೆಗೆ ವೇದಿಕೆ ಮೇಲೆ ಬೆಳಕು ಬಿಟ್ಟು ಅವನ ಗೆಜ್ಜೆ ಮಾತ್ರ ತೋರಿಸುತ್ತಾರೆ. ನಮಗೂ ಐವತ್ತು ವರ್ಷ ಆಗುತ್ತದೆ ಸ್ವಾಮಿ, ಸಕ್ಕರೆ ಕಾಯಿಲೆ ಬರುತ್ತದೆ, ಲೋನ್ ಕಟ್ಟುತ್ತೇವೆ.

1993ರಲ್ಲಿ ಕಾನ್ ಉತ್ಸವದ ದೊಡ್ಡ ಪ್ರಶಸ್ತಿ ಹಂಚಿಕೊಂಡ ಚೀನೀ ಸಿನಿಮಾ 'ಫೇರ್‌ವೆಲ್ ಮೈ ಕಾನ್‌ಕುಬೈನ್' ನೋಡಿದ್ದೀರಾ? ಪೀಕಿಂಗ್ ಆಪೆರಾ. ಅಲ್ಲೂ ಒಬ್ಬನದು ರಾಜನ ಪಾತ್ರ, ಇನ್ನೊಬ್ಬನದು ಸ್ತ್ರೀಪಾತ್ರ. ಯಕ್ಷಗಾನ ನೋಡಿ ಬೆಳೆದವರಿಗೆ ಅದರ ಗ್ರೀನ್‌ರೂಮ್ ಹೊಸದಲ್ಲ. ಕೊನೆ ಗೊತ್ತಾಗಬಾರದು ಅನ್ನುವವರು ಇಲ್ಲಿಂದ ಮುಂದಿನ ಪ್ಯಾರಾಕ್ಕೆ ಹಾರಿ. ಸಿನಿಮಾದಲ್ಲಿ ಸ್ತ್ರೀಪಾತ್ರದವನು ಖಡ್ಗಕ್ಕೆ ಕೊರಳು ಕೊಡುತ್ತಾನೆ. ಮೂಲ ಕಾದಂಬರಿಯಲ್ಲಿ ಇಬ್ಬರೂ ಬದುಕಿರುತ್ತಾರೆ. ಮುದುಕರಾಗಿ ಹಾಂಗ್‌ಕಾಂಗಿನಲ್ಲಿ ಮತ್ತೆ ಸಿಗುತ್ತಾರೆ. ಎಲ್ಲರೂ ಸಾವನ್ನೇ ಹೊಗಳುತ್ತಾರೆ. ನನಗೆ ಆ ಇಬ್ಬರು ಮುದುಕರು ಹೆಚ್ಚು ಹೆದರಿಕೆ ಹುಟ್ಟಿಸಿದರು. ಹೇಳದೆ ಉಳಿದ ಮಾತು ಹೊತ್ತುಕೊಂಡು ಅಷ್ಟು ವರ್ಷ ಬದುಕುವುದು ಸಾಯುವುದಕ್ಕಿಂತ ದೊಡ್ಡ ನಾಟಕ ಅಲ್ವಾ?

ಅರ್ಧಚಂದ್ರ, ನಿಮ್ಮ ಕಥೆ ಯಾವ ವರ್ಷದಲ್ಲಿ ನಡೆಯುತ್ತದೆ ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂದಿತು. 2013ರ ಡಿಸೆಂಬರ್ 11ಕ್ಕೆ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2018ರ ಸೆಪ್ಟೆಂಬರ್ 6ರಂದು ಅದನ್ನು ಅಪರಾಧ ಮಾಡಿದ್ದ 377ನೇ ಕಲಮಿನ ಬಾಧೆ ತಪ್ಪಿತು. ನಡುವಿನ ಆ ಐದು ವರ್ಷ ಹೇಗಿತ್ತು ಅಂತ ನಮಗೆ ಗೊತ್ತು. ಯಾರಾದರೂ ಹೆದರಿಸಿ ದುಡ್ಡು ಕೇಳಿದರೆ ಪೊಲೀಸ್ ಹತ್ತಿರ ಹೋಗುವ ಹಾಗಿರಲಿಲ್ಲ. ಕಥೆ 2015ರದ್ದಾದರೆ ಆ ಭಯ ಪ್ರತಿ ಪುಟದಲ್ಲಿ ಇರಬೇಕು. 2020ರದ್ದಾದರೆ ಭಯ ಕಾನೂನಿನದ್ದಲ್ಲ, ಮನೆಯದ್ದು. ಮದುವೆ ಈಗಲೂ ಇಲ್ಲ, 2023ರ ಅಕ್ಟೋಬರ್ 17ರ ತೀರ್ಪು ಅದನ್ನು ಕೊಡಲಿಲ್ಲ. ಹಾಗಾಗಿ ಕೊನೆಯಲ್ಲಿ ತಾಳಿ ಕಟ್ಟಿಸಬೇಡಿ.

ಅಂದಹಾಗೆ 2018ರ ಆ ಕೇಸಿನ ಹೆಸರು ಗೊತ್ತಲ್ಲ? ನವತೇಜ್ ಸಿಂಗ್ ಜೋಹರ್ ವರ್ಸಸ್ ಯೂನಿಯನ್ ಆಫ್ ಇಂಡಿಯಾ. ಜೋಹರ್ ಯಾರು? ಚೆನ್ನೈನ ನೃತ್ಯಶಾಲೆ ಕಲಾಕ್ಷೇತ್ರದಲ್ಲಿ ಕಲಿತ ಭರತನಾಟ್ಯ ಕಲಾವಿದ. ನಾನು ಇವತ್ತು ಅಪರಾಧಿ ಅಲ್ಲ ಅನ್ನುವ ತೀರ್ಪು ಒಬ್ಬ ನರ್ತಕನ ಹೆಸರಿನಲ್ಲಿದೆ. ಯಾರಾದರೂ ಅದನ್ನು ಕಥೆಯಲ್ಲಿ ತಂದಿದ್ದಾರಾ? ನಾನಂತೂ ಓದಿಲ್ಲ.

ತೈಯತೈ_ಟೀಚರ್

ಜೋಹರ್ ವಿಷಯ ನಮ್ಮ ಕ್ಲಾಸಿನಲ್ಲಿ ಆ ದಿನ ಎಲ್ಲರ ಬಾಯಲ್ಲಿತ್ತು. ಹಿರಿಯ ಕಲಾವಿದರು ಕೆಲವರು ಸುಮ್ಮನಿದ್ದರು. ಸುಮ್ಮನಿದ್ದ ರೀತಿಯೇ ಒಂದು ಕಥೆ.

ಮರಳಿಮನೆಗೆ

ಏನ್ರೀ ಇದು, ದೇವರ ಸೇವೆ ಆಟ ಯಕ್ಷಗಾನ. ಹರಕೆ ಹೊತ್ತು ಆಡಿಸುತ್ತಾರೆ. ಅದರಲ್ಲಿ ಇಂಥದ್ದನ್ನೆಲ್ಲ ತುರುಕುವುದು ಯಾಕೆ? ಬರೆಯುವವರು ಬೇರೆ ಯಾವುದಾದರೂ ಡ್ಯಾನ್ಸ್ ತಗೊಳ್ಳಿ.

ಚೌಕಿಯಿಂದ

ನಿಮ್ಮ ಕಾಳಜಿ ಅರ್ಥವಾಗುತ್ತದೆ. ಕಲೆಗೆ ಕೆಟ್ಟ ಹೆಸರು ಬರಬಾರದು ಅಂತ ನನಗೂ ಇದೆ, ಮೇಲೆ ಬರೆದಿದ್ದೇನೆ ನೋಡಿ. ಆದರೆ ನಾವು ಆಡುವ ಪ್ರಸಂಗಗಳನ್ನೇ ಒಮ್ಮೆ ನೆನೆಸಿಕೊಳ್ಳಿ. ಚಂದ್ರಾವಳಿ ವಿಲಾಸದಲ್ಲಿ ಕೃಷ್ಣ ಹೆಣ್ಣಿನ ವೇಷ ಹಾಕಿ ಚಂದ್ರಾವಳಿ ಮನೆಗೆ ಹೋಗುತ್ತಾನೆ. ಭಸ್ಮಾಸುರ ಮೋಹಿನಿಯಲ್ಲಿ ವಿಷ್ಣುವೇ ಮೋಹಿನಿ. ಅವಳು ಕುಣಿದ ಹಾಗೆ ಕುಣಿಯುತ್ತಾ ಕುಣಿಯುತ್ತಾ ಭಸ್ಮಾಸುರ ತನ್ನ ತಲೆ ಮೇಲೆ ಕೈ ಇಟ್ಟುಕೊಂಡು ಬೂದಿಯಾಗುತ್ತಾನೆ. ವಿರಾಟನ ಅರಮನೆಯಲ್ಲಿ ಉತ್ತರೆಗೆ ಡ್ಯಾನ್ಸ್ ಮಾಸ್ಟರ್ ಯಾರು? ಬೃಹನ್ನಳೆ. ನಮ್ಮ ಅಜ್ಜಿಯಂದಿರು ಇದನ್ನೆಲ್ಲ ಎಲೆ ಅಡಿಕೆ ಹಾಕಿಕೊಂಡು ಬೆಳಗಿನವರೆಗೆ ನೋಡಿದ್ದಾರೆ. ದೇವರು ಏನೂ ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ ಮಾರಾಯ್ರೆ.

ಮರಳಿಮನೆಗೆ

ಪುರಾಣ ಬೇರೆ, ಇದು ಬೇರೆ.

ಹಳೇಪುಸ್ತಕ

ಬೇರೆ ಹೌದೋ ಅಲ್ಲವೋ ಅನ್ನುವುದನ್ನೇ ಕಥೆ ಬರೆದು ನೋಡಬೇಕು. ಬರೆಯದೆ ಹೇಗೆ ಗೊತ್ತಾಗುತ್ತದೆ?

ನಿರ್ವಾಹಕರು

ಇದರ ಕೆಳಗೆ ಬಂದ ಎರಡು ಪ್ರತಿಕ್ರಿಯೆ ತೆಗೆದಿದ್ದೇವೆ. ಅಭಿಪ್ರಾಯ ಬೇರೆ ಇರಲಿ, ಬೈಗುಳ ಬೇಡ.

ಡಬ್ಲಿನ್_ಮಳೆ

ತಡವಾಗಿ ಬಂದೆ. ನಾನು ಬ್ಯಾಲೆ ಹುಚ್ಚು ಇರುವವಳು, ಆ ಕಡೆಯಿಂದ ಸ್ವಲ್ಪ.

ನಿಜ ಜೀವನದ್ದೇ ಒಂದು ಕಥೆ ಇದೆ. ರುಡಾಲ್ಫ್ ನುರಿಯೇವ್ 1961ರ ಜೂನ್‌ನಲ್ಲಿ ಪ್ಯಾರಿಸ್ ವಿಮಾನ ನಿಲ್ದಾಣದಲ್ಲಿ ಸೋವಿಯತ್ ತಂಡ ಬಿಟ್ಟು ಉಳಿದುಕೊಂಡ. ಅದೇ ವರ್ಷ ಕೋಪನ್‌ಹೇಗನ್‌ನಲ್ಲಿ ಎರಿಕ್ ಬ್ರುನ್ ಸಿಕ್ಕ. ಬ್ರುನ್ ಡೆನ್ಮಾರ್ಕಿನವನು, ಆಗಲೇ ದೊಡ್ಡ ಹೆಸರು. ಅಳತೆ ತಪ್ಪದ, ಶಿಸ್ತಿನ ಕುಣಿತ. ನುರಿಯೇವ್ ಬಿರುಗಾಳಿ. ಅವನಿಗೆ ಬ್ರುನ್‌ನ ಶುದ್ಧ ಹೆಜ್ಜೆ ಬೇಕಿತ್ತು. ಇಬ್ಬರೂ ಬ್ಯಾಲೆ ಅಭ್ಯಾಸದ ಒಂದೇ ಕಂಬಿ ಹಿಡಿದು ಅಭ್ಯಾಸ ಮಾಡಿದರು, ಪ್ರೀತಿಸಿದರು. ಜನ ಮಾತ್ರ ದಿನೇ ದಿನೇ ಕಿರಿಯವನ ಹಿಂದೆ ಹೋದರು. ಟೀಚರ್ ಹೇಳಿದ ಆ ಎರಡು ಅಂಗುಲದ ಸಿಟ್ಟು ಇದೇ. ನೀನು ಪ್ರೀತಿಸುವವನು ನಿನ್ನದೇ ಕೆಲಸದಲ್ಲಿ ನಿನ್ನನ್ನು ದಾಟಿ ಹೋದರೆ ಏನು ಮಾಡುತ್ತೀಯ? ಒಟ್ಟಿಗೆ ಬಾಳಲು ಆಗಲಿಲ್ಲ, ಆದರೂ ನಂಟು ಉಳಿಯಿತು. ಬ್ರುನ್ 1986ರಲ್ಲಿ ತೀರಿಕೊಂಡ, ನುರಿಯೇವ್ 1993ರಲ್ಲಿ. ಮಾಸ್ಕೋದ ಬೊಲ್ಶೊಯ್ ನುರಿಯೇವ್ ಮೇಲೆ ಬ್ಯಾಲೆ ಮಾಡಿತು. 2017ರ ಜುಲೈಯಲ್ಲಿ ಇನ್ನೇನು ಶುರು ಅನ್ನುವಾಗ ನಿಲ್ಲಿಸಿ, ಡಿಸೆಂಬರ್‌ನಲ್ಲಿ ಆಡಿಸಿ, 2023ರಲ್ಲಿ ಹೊಸ ಕಾನೂನಿನ ಕಾರಣಕ್ಕೆ ಪಟ್ಟಿಯಿಂದಲೇ ತೆಗೆಯಿತು.

ವೇದಿಕೆ ಮೇಲಿನದ್ದು ಬೇಕಾದರೆ ಮ್ಯಾಥ್ಯೂ ಬೋರ್ನ್ 1995ರಲ್ಲಿ ಲಂಡನ್‌ನಲ್ಲಿ ಮಾಡಿದ ಸ್ವಾನ್ ಲೇಕ್. ಹಂಸಗಳೆಲ್ಲ ಗಂಡಸರು. ಬರಿಮೈ, ಮೊಣಕಾಲವರೆಗೆ ಗರಿಯಂಥ ಚಡ್ಡಿ, ಹಣೆಯಿಂದ ಮೂಗಿಗೆ ಇಳಿದ ಕಪ್ಪು ಪಟ್ಟೆ. ಹಂಸ ಅಂದರೆ ಸಿಟ್ಟಿನ ಹಕ್ಕಿ ಅಂತ ಅದನ್ನು ನೋಡಿದ ಮೇಲೇ ನನಗೆ ತಿಳಿದಿದ್ದು. ರಾಜಕುಮಾರನಿಗೂ ಹಂಸಕ್ಕೂ ನಡುವೆ ಒಂದು ಮಾತಿಲ್ಲ. ಸಾಮಾನ್ಯ ಬ್ಯಾಲೆಯಲ್ಲಿ ಗಂಡು ಹೆಣ್ಣನ್ನು ಎತ್ತುತ್ತಾನೆ. ಇಬ್ಬರೂ ಗಂಡಸರಾದಾಗ ಯಾರು ಯಾರ ಭಾರ ಹೊರಬೇಕು ಅನ್ನುವುದು ತೀರ್ಮಾನ ಆಗಿರುವುದಿಲ್ಲ. ನಾಟಕ ಇರುವುದೇ ಅಲ್ಲಿ.

ಮತ್ತೆ ಜಾರ್ಜಿಯಾದ ಸಿನಿಮಾ, 'ಆ್ಯಂಡ್ ದೆನ್ ವಿ ಡಾನ್ಸ್‌ಡ್', 2019. ಅಲ್ಲಿನ ಜಾನಪದ ನೃತ್ಯ ಎಂದರೆ ನೆಟ್ಟಗೆ ನಿಂತ ಬೆನ್ನು, ಗಂಡಸುತನ, ದೇಶಾಭಿಮಾನ. ತಂಡದಲ್ಲಿ ಇಬ್ಬರು ಹುಡುಗರು ಒಂದೇ ಜಾಗಕ್ಕೆ ಪೈಪೋಟಿ ಮಾಡುತ್ತಾ ಮಾಡುತ್ತಾ ಪ್ರೀತಿಗೆ ಬೀಳುತ್ತಾರೆ. ಅದಕ್ಕೆ ನೃತ್ಯ ಸಂಯೋಜನೆ ಮಾಡಿದವರ ಹೆಸರು ಸಿನಿಮಾದಲ್ಲಿ ಇಲ್ಲ. ಹೆಸರು ಬಂದರೆ ಮುಂದೆ ಕೆಲಸ ಸಿಗುವುದಿಲ್ಲ ಅಂತ. ಟಿಬಿಲಿಸಿಯಲ್ಲಿ ಬಿಡುಗಡೆ ದಿನ ಥಿಯೇಟರ್ ಮುಂದೆ ಗಲಾಟೆ, ಪೊಲೀಸ್ ಕಾವಲು. 'ಮರಳಿಮನೆಗೆ' ಅವರು ಹೇಳಿದ ಮಾತನ್ನೇ ಅಲ್ಲಿಯವರೂ ಹೇಳಿದ್ದು. ಬೇರೆ ಡ್ಯಾನ್ಸ್ ತಗೊಳ್ಳಿ ಅಂತ.

ಸುಮ್ನೆ_ಓದ್ತೀನಿ

ಒಂದು ಸಂಶಯ. ಮಂಜಮ್ಮ ಜೋಗತಿ ಅವರ ಬದುಕು ಈ ಸಾಲಿಗೆ ಬರುತ್ತದಾ?

ರಾತ್ರಿಬಸ್ಸು

ಮಂಜಮ್ಮ ಟ್ರಾನ್ಸ್ ಮಹಿಳೆ. ಅದು ಬೇರೆ, ಗೇ ಬೇರೆ. ನಮ್ಮ ಜನ ಎರಡನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ. ಆದರೆ ನೃತ್ಯಗಾರರ ಕಥೆ ಅಂದರೆ ಅವರದ್ದು ಖಂಡಿತ ಬರಬೇಕು. ಜೋಗತಿ ನೃತ್ಯ ಮಾಡಿಕೊಂಡು ಬಂದವರು, ಯಲ್ಲಮ್ಮನ ಕೊಡ ತಲೆ ಮೇಲೆ. 2019ರಲ್ಲಿ ಜಾನಪದ ಅಕಾಡೆಮಿ ಅಧ್ಯಕ್ಷೆ ಆದರು. 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದರಲ್ಲ, ಆ ಕೈ ಬೀಸಿದ ರೀತಿ ನೋಡಿ. ಅದೂ ಕುಣಿತವೇ.

ಗೇ ಬದುಕಿನ ಕಥೆಗೆ ಕನ್ನಡದಲ್ಲಿ ದಾರಿ ಇಲ್ಲದೇ ಇಲ್ಲ. ವಸುಧೇಂದ್ರ ಅವರ 'ಮೋಹನಸ್ವಾಮಿ' 2013ರಲ್ಲೇ ಬಂತು. ನನ್ನ ಹಳೇ ರೂಮ್‌ಮೇಟ್ ಅದನ್ನು ರಟ್ಟು ಹಾಕಿ ಮುಚ್ಚಿಟ್ಟು ಓದುತ್ತಿದ್ದ. ನಾನು ಓದಿದ್ದು ಆಮೇಲೆ, ರಟ್ಟು ಹಾಕದೆ.

ಕೊಡಗಿನಕಿತ್ತಳೆ

ಎಲ್ಲರೂ ಆ ಇಬ್ಬರ ಬಗ್ಗೆಯೇ ಮಾತಾಡುತ್ತಿದ್ದೀರಿ. ಮೇಳದಲ್ಲಿರುವವರು ಅಂದರೆ ಇಪ್ಪತ್ತೈದು ದಾಟುವಷ್ಟರಲ್ಲಿ ಮದುವೆ ಮಾಡಿಸಿರುತ್ತಾರೆ. ಆ ಹೆಂಡತಿ ಎಲ್ಲಿ? ಇಂಥ ಕಥೆಗಳಲ್ಲಿ ಅವಳು ಒಂದು ತೊಡಕು ಅಷ್ಟೇ. ಬಂದು ಅತ್ತು ಹೋಗುತ್ತಾಳೆ. ಓದುವವರಿಗೂ ಅವಳ ಮೇಲೆ ಸಿಟ್ಟು. ಮದುವೆ ಮಾಡಿಸಿದ್ದು ಯಾರು, ಮೋಸ ಹೋಗಿದ್ದು ಯಾರು? ಅವಳಿಗೂ ನಾಲ್ಕು ಮಾತು ಕೊಡಿ. ನನಗೆ ಗೊತ್ತಿರುವ ಒಬ್ಬಳಿಗೆ ಇದೇ ಆಗಿದೆ. ಜಾಸ್ತಿ ಹೇಳುವುದಿಲ್ಲ.

ಡಬ್ಲಿನ್_ಮಳೆ

ರಷ್ಯಾದ ಬ್ಯಾಲೆ ನರ್ತಕ ನಿಜಿನ್ಸ್ಕಿ ನೆನಪಾದ. ದಿಯಾಗಿಲೇವ್ ಅವನ ಬ್ಯಾಲೆ ತಂಡದ ಯಜಮಾನ, ಪ್ರೇಮಿ. 1913ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಅಮೆರಿಕ ಪ್ರವಾಸದಲ್ಲಿ ನಿಜಿನ್ಸ್ಕಿ ರೊಮೊಲಾ ಎಂಬವಳನ್ನು ಬ್ಯೂನಸ್ ಐರಿಸ್‌ನಲ್ಲಿ ಮದುವೆಯಾದ. ಸುದ್ದಿ ತಲುಪಿದ್ದೇ ತಡ, ದಿಯಾಗಿಲೇವ್ ಕೆಲಸದಿಂದ ತೆಗೆದ. ಕೆಲವೇ ವರ್ಷದಲ್ಲಿ ನಿಜಿನ್ಸ್ಕಿಯ ಮನಸ್ಸು ಕೆಟ್ಟಿತು, ಮತ್ತೆ ಅವನು ವೇದಿಕೆಗೆ ಮರಳಲಿಲ್ಲ. 1950ರಲ್ಲಿ ಅವನು ಸಾಯುವವರೆಗೂ ಅವಳೇ ಅವನ ಹೆಂಡತಿ, ಆಸ್ಪತ್ರೆಗಳಿಗೆ ಅಲೆದವಳು ಅವಳು. ಕಥೆ ಬರೆಯುವವರೆಲ್ಲ ದಿಯಾಗಿಲೇವ್ ಕಡೆ ಹೋಗುತ್ತಾರೆ. ರೊಮೊಲಾ ಒಳ್ಳೆಯವಳು ಅಂತ ನಾನು ಹೇಳುತ್ತಿಲ್ಲ. ಬರೆದರೆ ಅವಳದ್ದೂ ಒಂದು ಪಾತ್ರ ಆಗುತ್ತದೆ.

ಅರ್ಧಚಂದ್ರ

ಇಷ್ಟೆಲ್ಲ ಬಂದ ಮೇಲೆ ಉತ್ತರ ಕೊಡದಿದ್ದರೆ ಹೇಗೆ.

ಚೌಕಿಯಿಂದ ಅವರೇ, ನನ್ನ ಕಥೆಯಲ್ಲಿ ಮೊದಲು ಮನಸ್ಸು ಸೋಲುವುದು ಸುಧನ್ವ. ಅವನಿಗೇ ಮದುವೆಯೂ ಆಗಿದೆ. ಪ್ರಭಾವತಿಯ ವೇಷ ಹಾಕುವವನಿಗೆ ಆ ವೇಷ ಕೆಲಸ, ಹೆಮ್ಮೆ. ಆರು ತಿಂಗಳು ತಿರುಗಾಟದಲ್ಲಿ ಮೀಸೆ ಬಿಡುವ ಹಾಗಿಲ್ಲ ಅನ್ನುವುದಷ್ಟೇ ಅವನ ದೂರು. ಕೊಡಗಿನಕಿತ್ತಳೆ ಅವರೇ, ಸುಧನ್ವನ ಹೆಂಡತಿ ಆಟ ನೋಡಲು ಬರುತ್ತಾಳೆ. ಆಟದ ಪ್ರಭಾವತಿ ಬೇಡಿದ್ದು ಮಗು, ಮನೆಯ ಪ್ರಭಾವತಿಗೆ ಇನ್ನೂ ಮಗುವಿಲ್ಲ. ಅವಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾಳೆ. ಅಲ್ಲಿಂದ ಮುಂದೆ ಅವಳೇ ಮಾತಾಡುತ್ತಾಳೆ. ಕಥೆ 2016ರದ್ದು.

ಮಾತು ಹುಟ್ಟಿಸುವ ಜಾಗ ಹೀಗೆ ಬರೆದಿದ್ದೇನೆ. ನೋಡಿ:

"ಪದ್ಯ ಮುಗಿಯಿತು. ಮದ್ದಲೆ ನಿಂತಿತು. ಮಾತು ಪ್ರಭಾವತಿಯದು. ದಿನಾ ಹೇಳುವ ಮಾತು ಬಾಯಿಗೆ ಬಂದಿತ್ತು, ಅದನ್ನು ನುಂಗಿಕೊಂಡ.

'ನೀವು ಹೋದ ಮೇಲೆ ಈ ಬಾಗಿಲು ಹಾಕುವವರು ಯಾರು? ನಾನಂತೂ ಹಾಕುವುದಿಲ್ಲ. ಹಾಕಿದ ಬಾಗಿಲ ಹಿಂದೆ ಬದುಕಿ ಸಾಕಾಗಿದೆ ನನಗೆ.'

ಬಾಗಿಲ ಮಾತು ಸುಧನ್ವ ಯಾವತ್ತೂ ಕೇಳಿರಲಿಲ್ಲ. ತಲೆಕಟ್ಟಿನ ಹಗ್ಗ ಕಿವಿಯ ಹಿಂದೆ ಒತ್ತುತ್ತಿತ್ತು. ಸಂಜೆ ಅದನ್ನು ಬಿಗಿ ಎಳೆದು ಕಟ್ಟಿದವನು ಎದುರಿಗೆ ನಿಂತ ಇವನೇ.

'ತೆರೆದಿಟ್ಟರೆ ಊರು ಒಳಗೆ ಬರುತ್ತದೆ, ಪ್ರಭಾವತಿ.'

'ಬರಲಿ. ಮಣೆ ಹಾಕಿ ಕೂರಿಸುತ್ತೇನೆ.'

ಮುಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಒಳ್ಳೇ ಮಾತು ಬಂತು ಅಂತ. ಭಾಗವತರು ತಾಳ ಹಿಡಿದುಕೊಂಡು ಇಬ್ಬರನ್ನೂ ನೋಡಿದರು. ಮುಂದಿನ ಪದ್ಯ ಎತ್ತಲಿಲ್ಲ."

ಸುಮ್ನೆ_ಓದ್ತೀನಿ

ಇನ್ನು ಸುಮ್ನೆ ಓದೋಕೆ ಆಗಲ್ಲ. ಮುಂದಿನ ಭಾಗ ಹಾಕಿ.

ರಾತ್ರಿಬಸ್ಸು

'ಮಣೆ ಹಾಕಿ ಕೂರಿಸುತ್ತೇನೆ.' ಇದನ್ನು ನಮ್ಮಮ್ಮನಿಗೆ ಹೇಳುವ ಧೈರ್ಯ ಇದ್ದಿದ್ದರೆ!

ತೈಯತೈ_ಟೀಚರ್

ಚೆನ್ನಾಗಿದೆ. ಈಗ ನಿಮ್ಮ ದೂರನ್ನೇ ನಿಮಗೆ ತಿರುಗಿಸುತ್ತೇನೆ: ಕುಣಿತ ಎಲ್ಲಿ? ಇದರಲ್ಲಿ ಇರುವುದು ಬರೀ ಮಾತು.

ಪದ್ಯ ಮುಗಿಯುವ ಮೊದಲಿನದ್ದು ಬರೆಯಿರಿ. ಇಬ್ಬರೂ ಒಂದೇ ತಾಳಕ್ಕೆ ಹೆಜ್ಜೆ ಹಾಕುತ್ತಿದ್ದಾರೆ. ಒಬ್ಬರ ಉಸಿರು ಇನ್ನೊಬ್ಬರಿಗೆ ಲೆಕ್ಕ. ಪ್ರಭಾವತಿ ಮುಕ್ತಾಯಕ್ಕೆ ಅರ್ಧ ಅಕ್ಷರ, ಅಂದರೆ ತಾಳದ ಅರ್ಧ ಎಣಿಕೆ, ತಡವಾಗಿ ಬರಲಿ. ಬೇಕಂತಲೇ. ಸುಧನ್ವ ಮುಗಿಸಿ ನಿಂತಿದ್ದಾನೆ, ಅವಳು ಇನ್ನೂ ತಿರುಗುತ್ತಿದ್ದಾಳೆ. ಎರಡನೇ ಸಲ ಅವನಿಗೆ ಎರಡೇ ದಾರಿ. ತಾಳಕ್ಕೆ ಸರಿಯಾಗಿ ನಿಲ್ಲಬೇಕು, ಇಲ್ಲವೇ ಅವಳಿಗಾಗಿ ತಾನೂ ತಡ ಮಾಡಬೇಕು. ತಡ ಮಾಡಿದವನಿಗೆ ಏನು ಶಿಕ್ಷೆ ಅಂತ ಪ್ರಸಂಗವೇ ಹೇಳಿದೆಯಲ್ಲ. ಎಣ್ಣೆ ಕಾಯುತ್ತಿದೆ.

ಅರ್ಧಚಂದ್ರ

ಟೀಚರ್, ಈ ಅರ್ಧ ಅಕ್ಷರ ನಾನು ಕದಿಯುತ್ತೇನೆ. ಕೇಳಿಯೇ ಕದಿಯುತ್ತಿದ್ದೇನೆ.

ಚೌಕಿಯಿಂದ

ಕದಿಯುವ ಮೊದಲು ಒಂದು ತಿದ್ದುಪಡಿ. ಅರ್ಧ ಅಕ್ಷರ ತಪ್ಪಿದರೆ ಮೊದಲು ಹಿಡಿಯುವವರು ಮದ್ದಲೆಯವರು. ಅವರ ಕಣ್ಣು ವೇಷದ ಕಾಲಿನ ಮೇಲೇ ಇರುತ್ತದೆ. ಮೊದಲ ಸಲ ಕಲಾವಿದ ಸುಸ್ತಾಗಿದ್ದಾನೆ ಅಂದುಕೊಳ್ಳುತ್ತಾರೆ. ಎರಡನೇ ಸಲ ಇಬ್ಬರೂ ತಪ್ಪಿದರೆ ಭಾಗವತರ ಕಡೆ ನೋಡುತ್ತಾರೆ. ಹಾಗಾಗಿ ವಿಷಯ ಗೊತ್ತಿರುವವರು ರಂಗಸ್ಥಳದಲ್ಲಿ ಇಬ್ಬರಾದರು. ಮತ್ತೆ ಒಳ್ಳೇ ಭಾಗವತರು ಮಾತು ಹದ ತಪ್ಪುತ್ತಿದೆ ಅನಿಸಿದರೆ ತಕ್ಷಣ ಪದ್ಯ ಎತ್ತಿ ಬಾಯಿ ಮುಚ್ಚಿಸುತ್ತಾರೆ. ನಿಮ್ಮ ಭಾಗವತರು ಎತ್ತಲಿಲ್ಲ. ಯಾಕೆ ಎತ್ತಲಿಲ್ಲ ಅಂತ ನಿಮಗೆ ಗೊತ್ತಿರಬೇಕು. ಓದುವವರಿಗೆ ಹೇಳದಿದ್ದರೂ ಪರವಾಗಿಲ್ಲ.

ಅರ್ಧಚಂದ್ರ

ಭಾಗವತರಿಗೆ ಎಪ್ಪತ್ತು ವರ್ಷ. ಅವರ ಯೌವನದಲ್ಲೂ ಒಬ್ಬ ಪ್ರಭಾವತಿ ಇದ್ದ. ಅಷ್ಟೇ ಹೇಳುತ್ತೇನೆ.

ಇನ್ನೊಂದು ಕೇಳಬೇಕಿತ್ತು. ಮೇಳ ಯಾವಾಗ ಮುಗಿಯುತ್ತದೆ? ಪತ್ತನಾಜೆ (ಮೇ ಕೊನೆಗೆ ಬರುವ ತುಳುನಾಡಿನ ಆಚರಣೆಯ ದಿನ) ಅಂತ ಬರೆದುಕೊಂಡಿದ್ದೇನೆ.

ಚೌಕಿಯಿಂದ

ಪತ್ತನಾಜೆ ತುಳುನಾಡಿನ ಲೆಕ್ಕ, ತೆಂಕು (ದಕ್ಷಿಣದ ಶೈಲಿಯ) ಮೇಳಗಳಿಗೆ ಸರಿ. ನಿಮ್ಮದು ಬಡಗು. ಮೇ ಕೊನೆಗೆ, ಮಳೆ ಹಿಡಿಯುವ ಮೊದಲು ತಿರುಗಾಟ ಮುಗಿಯಿತು ಅಂತ ಬರೆದರೆ ಸಾಕು. ಆಮೇಲೆ ಸುಮಾರು ಆರು ತಿಂಗಳು ಎಲ್ಲರೂ ಚೆಲ್ಲಾಪಿಲ್ಲಿ. ಕೆಲವರು ಮಳೆಗಾಲದ ಆಟಕ್ಕೆ ಬೆಂಗಳೂರು, ಮುಂಬೈ ಅಂತ ಹೋಗುತ್ತಾರೆ. ಕೆಲವರು ಹೋಟೆಲ್ ಕೆಲಸ, ಗದ್ದೆ ಕೆಲಸ. ನಿಮ್ಮ ಇಬ್ಬರಲ್ಲಿ ಒಬ್ಬನನ್ನು ಮುಂಬೈಗೆ ಕಳಿಸಿ, ಒಬ್ಬನನ್ನು ಊರಲ್ಲಿ ಹೆಂಡತಿ ಹತ್ತಿರ ಬಿಡಿ. ದೀಪಾವಳಿ ಕಳೆದು ಮತ್ತೆ ಗೆಜ್ಜೆ ಕಟ್ಟುವಾಗ ಅದೇ ಮೇಳದ ಕರೆ ಇಬ್ಬರಿಗೂ ಬರುತ್ತದಾ ಅನ್ನುವುದು ಯಜಮಾನರ ಕೈಯಲ್ಲಿದೆ. ಅವರ ಕಿವಿಗೆ ಏನು ಬಿದ್ದಿದೆ ಅಂತ ಯೋಚನೆ ಮಾಡಿ.

ಕೊಡಗಿನಕಿತ್ತಳೆ

ಆ ಆರು ತಿಂಗಳು ಹೆಂಡತಿಯ ಅಧ್ಯಾಯ. ಮರೆಯಬೇಡಿ.